ಜೋ ಯಾಕೆ ಸುಮ್ಮನಿದ್ದ?

ಪ್ರಶ್ನೆ: ಚಾರ್ಲ್ಸ್ ಡಿಕನ್ಸ್ ಬರೆದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಈಗಷ್ಟೇ ಓದಿ ಮುಗಿಸಿದೆ. ಅಪ್ಪ ಅಮ್ಮ ಇಲ್ಲದ ಪಿಪ್‌ಗೆ ಅಕ್ಕ ಬೆತ್ತದಲ್ಲಿ ಬಾರಿಸುತ್ತಾಳೆ. ಭಾವ ಜೋ ಕಮ್ಮಾರ, ಗಟ್ಟಿಯಾದ ಆಳು. ಆದರೂ ಹೆಂಡತಿಯ ಕೈ ಹಿಡಿದು ತಡೆಯುವುದಿಲ್ಲ. ಇಂಥವನನ್ನು ಒಳ್ಳೆಯ ತಂದೆ ಎಂದು ಯಾಕೆ ಹೊಗಳುತ್ತಾರೆ? ಇನ್ನೊಂದು ಪ್ರಶ್ನೆ: ಪಿಪ್ ತಾನು ಪ್ರೀತಿಸಿದ ಎಸ್ಟೆಲ್ಲಾಗೆ ಅವಳ ಹೆತ್ತವರು ಯಾರೆಂದು ಹೇಳಬೇಕಿತ್ತು, ಅಲ್ವಾ?

ಉತ್ತರ: ನಿಮ್ಮ ಕೋಪ ನ್ಯಾಯವಾದದ್ದು. ಜೋ ತಪ್ಪೇ ಮಾಡಿಲ್ಲ ಎಂದು ನಾನು ವಾದಿಸುವುದಿಲ್ಲ. ಆದರೆ ಏಳನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಅಲ್ಲಿ ಜೋ ತನ್ನ ಬಾಲ್ಯದ ಕಥೆ ಹೇಳುತ್ತಾನೆ. ಅವನಪ್ಪ ಕುಡುಕ. ಹೆಂಡತಿಗೂ ಮಗನಿಗೂ ಹೊಡೆಯುತ್ತಿದ್ದ. ತಾಯಿ ಮಗ ಎಷ್ಟೋ ಸಲ ಮನೆ ಬಿಟ್ಟು ಓಡಿದ್ದರು. ಅಮ್ಮ ಎಲ್ಲೋ ಒಂದು ಕೆಲಸ ಹಿಡಿದು ಮಗನನ್ನು ಶಾಲೆಗೆ ಕಳಿಸುವಷ್ಟರಲ್ಲಿ ಅಪ್ಪ ಹುಡುಕಿಕೊಂಡು ಬಂದು ಎಳೆದೊಯ್ಯುತ್ತಿದ್ದ. ಜೋಗೆ ಓದು ಹತ್ತದೇ ಹೋದದ್ದು ಹೀಗೆ. ಹೆಂಗಸಿನ ಮೇಲೆ ದಬ್ಬಾಳಿಕೆ ಮಾಡಿ ಅಪ್ಪನಂತಾಗುವುದಕ್ಕಿಂತ, ತಗ್ಗಿ ನಡೆದು ತಪ್ಪು ಮಾಡಿದರೂ ಪರವಾಗಿಲ್ಲ ಎಂದು ಅವನು ನಿರ್ಧರಿಸಿಬಿಟ್ಟಿದ್ದಾನೆ. ಆ ಏಟು ತನಗೇ ಬೀಳಬಾರದಿತ್ತೇ ಎಂದೂ ಪಿಪ್‌ಗೆ ಹೇಳುತ್ತಾನೆ. ಸುಮ್ಮನೆ ನೋಡುತ್ತಾ ಕೂರುವವನೂ ಅಲ್ಲ. ಅಕ್ಕ ಸಿಟ್ಟಿನಲ್ಲಿ ತನ್ನತ್ತ ಎಸೆದ ಹುಡುಗನನ್ನು ಒಲೆಯ ಮೂಲೆಗೆ ಸರಿಸಿ, ಕಾಲನ್ನು ಬೇಲಿಯಂತೆ ಅಡ್ಡ ಇಡುತ್ತಾನೆ. ಅಷ್ಟು ಸಾಲದು, ನಿಜ. ಒಬ್ಬ ತಂದೆಯ ಕ್ರೌರ್ಯ ಹೀಗೆ ಅವನ ಮಗನ ಕೈ ಕಟ್ಟಿಹಾಕಿ ಇನ್ನೊಂದು ಮಗುವಿನ ಮೈಮೇಲೆ ಬರೆಯಾಯಿತು. ಇಡೀ ಕಾದಂಬರಿಯಲ್ಲಿ ನನ್ನನ್ನು ಜಾಸ್ತಿ ಕಾಡುವುದು ಇದೇ.

ಹಾಗಾದರೆ ಹೊಗಳಿಕೆ ಯಾತಕ್ಕೆ? ಮಕ್ಕಳನ್ನು ಬೆಳೆಸಿದ ಉಳಿದಿಬ್ಬರನ್ನು ನೋಡಿ: ಎಸ್ಟೆಲ್ಲಾಳ ಸಾಕುತಾಯಿ, ಶ್ರೀಮಂತೆ ಮಿಸ್ ಹ್ಯಾವಿಶಮ್; ಬಾಲಕ ಪಿಪ್ ಒಮ್ಮೆ ಊಟ ಕೊಟ್ಟಿದ್ದ ಕೈದಿ ಮ್ಯಾಗ್ವಿಚ್. ಹ್ಯಾವಿಶಮ್‌ಳನ್ನು ಮದುವೆಯ ದಿನ ಕೈಬಿಟ್ಟವನು ಕಾಂಪೆಸನ್ ಎಂಬ ಮೋಸಗಾರ. ಮ್ಯಾಗ್ವಿಚ್‌ನನ್ನು ತನ್ನ ಮೋಸದ ದಂಧೆಗೆ ಎಳೆದು ಹಾಳುಮಾಡಿದವನೂ ಅವನೇ. ಇಬ್ಬರೂ ಒಟ್ಟಿಗೆ ಕೋರ್ಟಿನಲ್ಲಿ ನಿಂತಾಗ, ನೋಡಲು ಸಂಭಾವಿತನಂತಿದ್ದ ಕಾಂಪೆಸನ್‌ಗೆ 7 ವರ್ಷ, ಮ್ಯಾಗ್ವಿಚ್‌ಗೆ 14 ವರ್ಷ ಶಿಕ್ಷೆ. ಹ್ಯಾವಿಶಮ್ ಎಸ್ಟೆಲ್ಲಾಳನ್ನು ಗಂಡಸರ ಎದೆ ಒಡೆಯುವವಳಾಗಿ ಬೆಳೆಸಿದಳು. ಮ್ಯಾಗ್ವಿಚ್ ಪಿಪ್‌ನನ್ನು ದುಡ್ಡು ಸುರಿದು ಜಂಟಲ್‌ಮನ್ ಮಾಡಿದ. ಒಬ್ಬನೇ ಮೋಸಗಾರ ಕೊಟ್ಟ ನೋವಿಗೆ ಉತ್ತರವಾಗಿ ಎರಡು ಮಕ್ಕಳು ಬೆಳೆದರು! ಪ್ರೀತಿ ಇರಲಿಲ್ಲ ಎನ್ನಲಾಗದು. ತನಗಾದ ಗತಿ ಅವಳಿಗೆ ಬಾರದಿರಲಿ ಎಂದೇ ಶುರುಮಾಡಿದೆ ಎನ್ನುತ್ತಾಳೆ ಹ್ಯಾವಿಶಮ್. ಗಡೀಪಾರಾಗಿದ್ದ ಮ್ಯಾಗ್ವಿಚ್ ಅಂತೂ, ಮರಳಿದರೆ ಗಲ್ಲು ಎಂದು ಗೊತ್ತಿದ್ದೂ, ಪಿಪ್‌ಗಾಗಿ ಪ್ರಾಣವನ್ನೇ ಪಣಕ್ಕಿಟ್ಟು ಬರುತ್ತಾನೆ. ನಾನು ಪಾಠ ಮಾಡುತ್ತಿದ್ದಾಗ ತರಗತಿಯ ಹುಡುಗರೆಲ್ಲ ಅವನ ಪರವೇ ನಿಲ್ಲುತ್ತಿದ್ದರು. ನನಗೂ ಅವನೆಂದರೆ ಕರುಳು ಚುರ್ ಎನ್ನುತ್ತದೆ. ಆದರೂ ಪಿಪ್‌ಗೆ ಏನಾಗಬೇಕೆಂಬ ಆಸೆಯಿದೆ ಎಂದು ಅವನು ಕೇಳಲಿಲ್ಲ.

ಜೋ ಇವರಿಬ್ಬರಿಗಿಂತ ಬೇರೆ. ಲಂಡನ್ನಿಗೆ ಬಂದಾಗ ಪಿಪ್ ತನ್ನ ಬಗ್ಗೆ ನಾಚಿಕೊಂಡದ್ದು ಅವನಿಗೆ ತಿಳಿಯದೇ ಇರಲಿಲ್ಲ. ಮುಂದೆ ಅದೇ ಪಿಪ್ ಜ್ವರದಲ್ಲಿ ಮಲಗಿದಾಗ ಬಂದು ಆರೈಕೆ ಮಾಡುತ್ತಾನೆ. 123 ಪೌಂಡಿನ ಮೇಲಿದ್ದ ಸಾಲ ತೀರಿಸಿ, ರಸೀದಿಯನ್ನೂ ಒಂದು ಚೀಟಿಯನ್ನೂ ಇಟ್ಟು, ಬೆಳಗಾಗುವಷ್ಟರಲ್ಲಿ ಹೊರಟುಹೋಗುತ್ತಾನೆ. ಆ ಚೀಟಿಯನ್ನು ಬರೆದವನು, ಒಂದು ಕಾಲದಲ್ಲಿ ತನ್ನ ಹೆಸರಿನ ಅಕ್ಷರಗಳನ್ನಷ್ಟೇ ಗುರುತಿಸಬಲ್ಲವನಾಗಿದ್ದ ಜೋ.

ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಹೌದು. ಎಸ್ಟೆಲ್ಲಾಳ ಅಪ್ಪ ಮ್ಯಾಗ್ವಿಚ್, ಅಮ್ಮ ವಕೀಲ ಜಾಗರ್ಸ್‌ನ ಮನೆಗೆಲಸದಾಕೆ ಮಾಲಿ ಎಂದು ಪಿಪ್‌ಗೆ ಗೊತ್ತಾದಾಗ, ಗುಟ್ಟು ಬಿಚ್ಚಿದರೆ ಯಾರಿಗೂ ಒಳ್ಳೆಯದಾಗದು, ಗಂಡನ ಮನೆಯಲ್ಲಿ ಅವಳ ಮಾನ ಹೋಗುತ್ತದೆ ಎಂದು ಜಾಗರ್ಸ್ ತಡೆಯುತ್ತಾನೆ. ಸಾಯುತ್ತಿದ್ದ ಮ್ಯಾಗ್ವಿಚ್‌ಗೆ ಮಗಳು ಬದುಕಿದ್ದಾಳೆಂದು ಪಿಪ್ ಹೇಳಿದ, ಅದು ಸರಿ. ಮಗಳಿಗೆ ಹೇಳಿದನೆಂದು ಡಿಕನ್ಸ್ ಎಲ್ಲೂ ಬರೆದಿಲ್ಲ. ಕೊನೆಯ ಅಧ್ಯಾಯದ ಹೊತ್ತಿಗೆ ಅವಳ ಗಂಡ ಸತ್ತಿದ್ದಾನೆ. ಜಾಗರ್ಸ್ ಕೊಟ್ಟ ಕಾರಣ ಆಗ ಉಳಿದಿರಲಿಲ್ಲ. ಆಗಲಾದರೂ ಪಿಪ್ ಹೇಳಬೇಕಿತ್ತು.