ನೀವು ಕೇಳಿದಿರಿ: ಮೈಸೂರಿನ ದುಡ್ಡು, ಲಂಡನ್ನಿನ ಹಾಡು

ಪಾಶ್ಚಾತ್ಯ ಸಂಗೀತದ ಬಗ್ಗೆ ಏನಾದರೂ ಕೇಳಿ ಎಂದು ಕಳೆದ ಸಲ ಬರೆದಿದ್ದೆ. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಆರ್ಕೆಸ್ಟ್ರಾ ಅಂದರೆ ಗಣೇಶನ ಪೆಂಡಾಲಿನ ಮುಂದೆ ಸಿನಿಮಾ ಹಾಡು ಹಾಡುವ ತಂಡ ಅಲ್ಲ. ಅದೂ ನನಗೆ ಇಷ್ಟವೇ, ಆ ಮಾತು ಬೇರೆ. ಇಲ್ಲಿ ಆರ್ಕೆಸ್ಟ್ರಾ ಅಂದರೆ ಪಿಟೀಲು, ಊದುವ ವಾದ್ಯ ಎಲ್ಲ ಸೇರಿ ನುಡಿಸುವ ದೊಡ್ಡ ವಾದಕರ ತಂಡ. ಅದು ನುಡಿಸುವ ಹಲವು ಭಾಗಗಳ ದೊಡ್ಡ ಕೃತಿಯೇ ಸಿಂಫೊನಿ.

ಪ್ರಶ್ನೆ: ಸಂಗೀತಕಾರ ಹೈಡನ್‌ನ ಒಂದು ಸಿಂಫೊನಿಯಲ್ಲಿ ವಾದಕರು ಒಬ್ಬೊಬ್ಬರೇ ಎದ್ದು ಹೋಗುತ್ತಾರಂತೆ. ನಿಜವೋ, ಯಾರಾದರೂ ಕಟ್ಟಿದ ಕತೆಯೋ? (ಶಿವಮೊಗ್ಗದಿಂದ)

ಉತ್ತರ: ಎದ್ದು ಹೋಗುವುದಂತೂ ನಿಜ, ಇವತ್ತಿಗೂ ಹೋಗುತ್ತಾರೆ. ಅದು ಅವನ 45ನೇ ಸಿಂಫೊನಿ, 1772ರದು. ಹೈಡನ್ ಆಗ ಎಸ್ತರ್‌ಹಾಜಿ ಮನೆತನದ ರಾಜಕುಮಾರ ನಿಕೊಲಾಸ್‌ನ ಬಳಿ ಸಂಬಳಕ್ಕಿದ್ದ. ಈಗಿನ ಹಂಗೇರಿಯಲ್ಲಿ ರಾಜಕುಮಾರ ಒಂದು ಬೇಸಿಗೆ ಅರಮನೆ ಕಟ್ಟಿಸಿದ್ದ. ಆ ವರ್ಷ ಅಲ್ಲಿಂದ ಏಳುವ ಲಕ್ಷಣವೇ ಕಾಣಲಿಲ್ಲ. ವಾದಕರ ಹೆಂಡತಿ ಮಕ್ಕಳೆಲ್ಲ ಐಸೆನ್‌ಸ್ಟಾಟ್‌ನಲ್ಲಿ, ಇವರು ಇಲ್ಲಿ. ರಜೆ ಕೊಡಿ ಅಂತ ಧಣಿಯನ್ನು ಕೇಳುವವರು ಯಾರು? ಹೈಡನ್ ಬಾಯಿ ಬಿಡದೆ ಸಿಂಫೊನಿಯಲ್ಲೇ ಕೇಳಿದ.

ಕೊನೆಯ ಭಾಗ ಜೋರಾಗಿ ಓಡುತ್ತಿರುತ್ತದೆ, ಇನ್ನೇನು ಮುಗಿಯಿತು ಅನ್ನುವಾಗ ತಟ್ಟನೆ ನಿಂತು ಒಂದು ನಿಧಾನದ ಧಾಟಿ ಶುರುವಾಗುತ್ತದೆ. ಮೊದಲು ಊದುವ ವಾದ್ಯದವರು ಇಬ್ಬರು, ಒಂದು ಓಬೋ, ಒಂದು ಹಾರ್ನ್, ಎದ್ದರು. ಆಮೇಲೆ ಬಸೂನ್, ಅದೂ ಊದುವುದೇ. ಹೀಗೆ ಒಬ್ಬೊಬ್ಬರೂ ತಮ್ಮ ಪಾಲು ನುಡಿಸಿ, ಮುಂದಿನ ಮೇಣದ ಬತ್ತಿ ಆರಿಸಿ ಹೊರಟರು. ಪಿಟೀಲಿನ ಜಾತಿಯದೇ ಆದ ದೊಡ್ಡ ಡಬಲ್ ಬೇಸ್‌ನವನಿಗೆ ಹೋಗುವ ಮುಂಚೆ ಒಂದು ಸೊಗಸಾದ ತುಣುಕು ಸಿಗುತ್ತದೆ, ಅದನ್ನು ತಪ್ಪಿಸಿಕೊಳ್ಳಬೇಡಿ. ಕೊನೆಗೆ ಉಳಿಯುವುದು ಎರಡೇ ಪಿಟೀಲು: ಒಂದು ಹೈಡನ್‌ನದು, ಇನ್ನೊಂದು ಪಿಟೀಲು ತಂಡದ ಮುಂದಾಳು ತೊಮಾಸೀನಿಯದು. ರಾಜಕುಮಾರನಿಗೆ ಅರ್ಥವಾಯಿತು, ಮಾರನೇ ದಿನವೇ ಎಲ್ಲರೂ ಊರಿಗೆ ಹೊರಟರು ಎಂದು ಹೈಡನ್ ಇನ್ನೂ ಇದ್ದಾಗಲೇ ಅವನ ಬಾಯಿಂದ ಕೇಳಿದವರು ಬರೆದಿದ್ದಾರೆ. ವಯಸ್ಸಾದ ಮೇಲೆ ಹೇಳಿದ ಕತೆ, ಸ್ವಲ್ಪ ಉಪ್ಪುಖಾರ ಸೇರಿರಬಹುದು. ಸೇರಲಿ ಬಿಡಿ.

ಪ್ರಶ್ನೆ: ಶೂಬರ್ಟ್ ಸತ್ತುಹೋದದ್ದರಿಂದಲೇ ಅವನ ‘ಅಪೂರ್ಣ’ ಸಿಂಫೊನಿ ಅಪೂರ್ಣವಾಗಿ ಉಳಿಯಿತಲ್ವಾ? (ಧಾರವಾಡದಿಂದ)

ಉತ್ತರ: ಅಲ್ಲ. ಬರೆದದ್ದು 1822ರಲ್ಲಿ, ಸತ್ತದ್ದು 1828ರಲ್ಲಿ. ನಡುವೆ ಬೇರೆ ಎಷ್ಟೋ ಬರೆದ, ಇದನ್ನು ಮಾತ್ರ ಮುಗಿಸಲಿಲ್ಲ. ಹಾಳೆಗಳು ಗೆಳೆಯ ಹ್ಯೂಟೆನ್‌ಬ್ರೆನ್ನರ್‌ನ ಮನೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದವು. ಜನ ಅದನ್ನು ಮೊದಲು ಕೇಳಿದ್ದು 1865ರಲ್ಲಿ.

ಪ್ರಶ್ನೆ: ನೆಪೋಲಿಯನ್ ಚಕ್ರವರ್ತಿಯಾದ ಅಂತ ಬೀಥೋವನ್ ಸಿಟ್ಟಿನಲ್ಲಿ ತನ್ನ ‘ಎರೋಯಿಕಾ’ ಸಿಂಫೊನಿಯ, ನೆಪೋಲಿಯನ್ ಹೆಸರಿದ್ದ ಹಾಳೆ ಹರಿದುಹಾಕಿದನಂತೆ. ಹರಿದ ಹಾಳೆ ಈಗಲೂ ಇದೆಯಾ? (ಬೆಂಗಳೂರಿನಿಂದ)

ಉತ್ತರ: ಇಲ್ಲಿ ಎರಡು ಹಾಳೆ ಕಲಸಿಹೋಗಿವೆ. ಹರಿದು ನೆಲಕ್ಕೆ ಎಸೆದ ಅನ್ನುವುದು ಶಿಷ್ಯ ರೀಸ್ ಹೇಳಿದ ಕತೆ. ಆ ಹಾಳೆ ಸಿಕ್ಕಿಲ್ಲ. ವಿಯೆನ್ನಾದಲ್ಲಿ ಇರುವುದು ನಕಲುಗಾರ ಬರೆದ ಬೇರೆ ಪ್ರತಿ. ಅದರಲ್ಲಿ ಬೊನಪಾರ್ಟ್ (ಅಂದರೆ ನೆಪೋಲಿಯನ್) ಹೆಸರಿದ್ದ ಜಾಗವನ್ನು ಎಷ್ಟು ಕೆರೆದಿದ್ದಾರೆಂದರೆ ಕಾಗದದಲ್ಲಿ ತೂತೇ ಬಿದ್ದಿದೆ. ಆದರೆ ಅದೇ ಪುಟದ ಕೆಳಗೆ ಪೆನ್ಸಿಲ್ಲಿನಲ್ಲಿ ‘ಬೊನಪಾರ್ಟ್ ಕುರಿತು ಬರೆದದ್ದು’ ಅಂತಲೂ ಇದೆ! ನೆಪೋಲಿಯನ್ ಚಕ್ರವರ್ತಿ ಎಂದು ಘೋಷಣೆಯಾದದ್ದು 1804ರ ಮೇ ತಿಂಗಳಲ್ಲಿ. ಆಗಸ್ಟಿನಲ್ಲಿ ಇದೇ ಬೀಥೋವನ್ ಪ್ರಕಾಶಕರಿಗೆ ಈ ಸಿಂಫೊನಿಯ ಹೆಸರು ನಿಜಕ್ಕೂ ಬೊನಪಾರ್ಟ್ ಅಂತ ಕಾಗದ ಬರೆಯುತ್ತಾನೆ. ಸಿಟ್ಟು ನಿಜವಿರಬಹುದು, ಆದರೆ ಪೂರ್ತಿ ಇಳಿದಿರಲೂ ಇಲ್ಲ, ಪೂರ್ತಿ ಏರಿರಲೂ ಇಲ್ಲ. ಜೊತೆಗೆ ದುಡ್ಡಿನ ಲೆಕ್ಕವೂ ಇತ್ತು: ಲೋಬ್ಕೋವಿಟ್ಸ್ ಎಂಬ ಸಿರಿವಂತ ಹಣ ಕೊಟ್ಟಿದ್ದ, ಅರ್ಪಣೆ ಅವನಿಗೇ ಹೋಯಿತು. ನನಗೆ ಹರಿದ ಹಾಳೆಗಿಂತ ಈ ತೂತು ಬಿದ್ದ ಹಾಳೆಯೇ ಹೆಚ್ಚು ಇಷ್ಟ.

ಪ್ರಶ್ನೆ: ಜರ್ಮನಿಯ ಸಂಗೀತಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಗಾಲದ ಹಾಡುಗಳ ಮೊದಲ ಕಛೇರಿಗೆ ನಮ್ಮ ಮಹಾರಾಜರು ದುಡ್ಡು ಕೊಟ್ಟರು ಅಂತ ತಾತ ಹೇಳುತ್ತಿದ್ದರು. ಸುಮ್ನೆ ಅಭಿಮಾನಕ್ಕೆ ಹೇಳುತ್ತಿದ್ದರಾ? (ಮೈಸೂರಿನಿಂದ)

ಉತ್ತರ: ನಿಮ್ಮ ತಾತ ಹೇಳಿದ್ದು ಸರಿ. ಅದು ‘ನಾಲ್ಕು ಕೊನೆಯ ಹಾಡುಗಳು’. ಒಬ್ಬ ಗಾಯಕಿ, ಹಿಂದೆ ದೊಡ್ಡ ಆರ್ಕೆಸ್ಟ್ರಾ. 1948ರಲ್ಲಿ ಬರೆದಾಗ ಸ್ಟ್ರಾಸ್‌ಗೆ 84 ವರ್ಷ. ಹಿಟ್ಲರನ ಸರ್ಕಾರದ ಸಂಗೀತ ಮಂಡಳಿಗೆ ಎರಡು ವರ್ಷ ಅಧ್ಯಕ್ಷನಾಗಿದ್ದವನು, ಆ ಕಳಂಕ ಇತ್ತು. ಅಪ್ಪ ಹಾರ್ನ್ ನುಡಿಸುತ್ತಿದ್ದ ಮ್ಯೂನಿಕ್‌ನ ಒಪೆರಾ ಮಂದಿರ 1943ರ ಬಾಂಬಿಗೆ ನೆಲಸಮವಾಗಿತ್ತು. ಯುದ್ಧ ಮುಗಿದ ಮೇಲೆ ಹೆಂಡತಿ ಪೌಲೀನೆಯ ಜೊತೆ ಸ್ವಿಟ್ಜರ್ಲೆಂಡಿನ ಹೋಟೆಲುಗಳಲ್ಲಿ ದಿನ ತಳ್ಳುತ್ತಿದ್ದ. ಪೌಲೀನೆ ಒಂದು ಕಾಲದಲ್ಲಿ ಒಳ್ಳೆಯ ಗಾಯಕಿ. ಹೆಣ್ಣುದನಿಗೆ ಅವನು ಜೀವನವಿಡೀ ಬರೆದದ್ದು ಅದಕ್ಕೇ ಅಂದರೂ ತಪ್ಪಿಲ್ಲ.

ಅವನು 1949ರ ಸೆಪ್ಟೆಂಬರಿನಲ್ಲಿ ತೀರಿಕೊಂಡ, ಹಾಡುಗಳನ್ನು ಕೇಳಲೇ ಇಲ್ಲ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು, ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾವನ್ನು ಫುರ್ಟ್‌ವೆಂಗ್ಲರ್ ನಡೆಸಿದ. ಪೌಲೀನೆ ಅದಕ್ಕೆ ಒಂಬತ್ತು ದಿನ ಮುಂಚೆ ಹೋಗಿಬಿಟ್ಟಿದ್ದರು.

ಈ ಕಛೇರಿಗೆ 4,800 ಡಾಲರ್ ಭರವಸೆ ಹಣ ಕೊಟ್ಟವರು ಜಯಚಾಮರಾಜೇಂದ್ರ ಒಡೆಯರು. ಹಾಡನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಬೇಕು ಅನ್ನುವುದು ಒಪ್ಪಂದ. ಅವರ ಹತ್ತಿರ ಆಗಲೇ ಸುಮಾರು 20,000 ರೆಕಾರ್ಡುಗಳಿದ್ದವು ಅಂತ ಅಂದಾಜು. ಸುಮ್ನೆ ಕೂಡಿಡುವ ಶೋಕಿ ಅಂದುಕೊಳ್ಳಬೇಡಿ. ಸ್ವತಃ ಪಿಯಾನೋ ಕಲಿತವರು, ಶ್ರೀವಿದ್ಯಾ ಅಂಕಿತದಲ್ಲಿ ಕೃತಿ ರಚಿಸಿದವರು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯಾದ ಸಂಗೀತಕಾರ ಮೆಡ್‌ಟ್ನರ್‌ನ ಸಂಗೀತ ರೆಕಾರ್ಡ್ ಆದದ್ದೂ ಇವರ ಹಣದಿಂದಲೇ. ಅವನು ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನು (ಪಿಯಾನೋ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿ) ಮಹಾರಾಜರಿಗೇ ಅರ್ಪಿಸಿದ. ನಮ್ಮ ಶಾಲೆಯ ಪಾಠದಲ್ಲಿ ಇದೊಂದೂ ಇರಲಿಲ್ಲ, ಈಗಲೂ ನನಗೆ ಆ ಬೇಜಾರಿದೆ.

ಕೇಳುವುದಾದರೆ ‘ಸಂಜೆಗೆಂಪಿನಲ್ಲಿ’ ಎನ್ನುವ ಹಾಡಿನಿಂದ ಶುರು ಮಾಡಿ. ಕೈ ಕೈ ಹಿಡಿದು ಬಾಳಿದ ಮುದುಕ ಮುದುಕಿ ಹೊತ್ತು ಮುಳುಗುವಾಗ ನಿಂತಿದ್ದಾರೆ, ಎರಡು ಬಾನಾಡಿಗಳು ಮೇಲೇರುತ್ತಿವೆ. ಎರಡು ಕೊಳಲುಗಳು ಆ ಹಕ್ಕಿಗಳಾಗಿ ಕಂಪಿಸುತ್ತವೆ. ‘ಇದೇ ಏನೋ ಸಾವು?’ ಎಂದು ಗಾಯಕಿ ಕೇಳಿ ಮುಗಿಸುತ್ತಿದ್ದ ಹಾಗೆ ಹಾರ್ನ್ ಒಂದು ಹಳೆಯ ಧಾಟಿ ಎತ್ತುತ್ತದೆ. ಅದು ಸಾವಿನ ಬಗ್ಗೆಯೇ ಸ್ಟ್ರಾಸ್ ಇಪ್ಪತ್ತೈದರ ಹುಡುಗನಾಗಿದ್ದಾಗ ಮುಗಿಸಿದ ಕೃತಿಯದು. ಸುಮಾರು ಅರವತ್ತು ವರ್ಷ ಆದ ಮೇಲೆ ವಾಪಸ್ ಬಂದಿದೆ.

ಮೈಸೂರಿಗೆಂದು ಮಾಡಿದ ಆ ಮೊದಲ ಕಛೇರಿಯ ರೆಕಾರ್ಡಿಂಗ್ ಈಗಲೂ ಕೇಳಲು ಸಿಗುತ್ತದೆ. ಗರಗರ ಸದ್ದು ಜಾಸ್ತಿ, ಕೊಳಲು ಕಿವಿಗೆ ಬೀಳುವುದೇ ಕಷ್ಟ. ಮೊದಲು ಯಾವುದಾದರೂ ಚೆನ್ನಾಗಿರುವ ಹೊಸ ರೆಕಾರ್ಡಿಂಗ್ ಎರಡು ಸಲ ಕೇಳಿ, ಆಮೇಲೆ ಅದಕ್ಕೆ ಹೋಗಿ.