ಸೋಯಾಬೀನ್‌ನಲ್ಲಿ ಬಿಸಿಲಿಗಿರುವ ಎಲೆಗಳೇ ಮೊದಲು ನೇರಳೆ ಆಗೋದು ಯಾಕೆ?

ಅಕ್ಕಲಕೋಟೆ ಕಡೆಯ ನಿಮ್ಮ ಹೊಲದಲ್ಲಿ ಬಂದಿರೋದು ಸರ್ಕೋಸ್ಪೋರಾ ಶಿಲೀಂಧ್ರವಾದರೆ, ಕಾರಣ ಬಿಸಿಲೇ. ಅದು ಬಿಡುವ ವಿಷ ಬೆಳಕು ಬಿದ್ದಾಗ ಮಾತ್ರ ಕೆಲಸ ಮಾಡುತ್ತದೆ.

ಸರ್ಕೋಸ್ಪೋರಿನ್ ಅನ್ನುವ ಈ ಕೆಂಪು ವಿಷ ಬೆಳಕಿನ ಶಕ್ತಿ ಹೀರಿ ಪಕ್ಕದ ಆಕ್ಸಿಜನ್‌ಗೆ ದಾಟಿಸುತ್ತದೆ, ಆಗ ಆ ಆಕ್ಸಿಜನ್ ವಿಪರೀತ ಚುರುಕಾಗಿ ಜೀವಕೋಶದ ಹೊರಪೊರೆಯಲ್ಲಿರುವ ಕೊಬ್ಬನ್ನು ಕೆಡಿಸುತ್ತದೆ. ತುಂಬ ದಿನ ಇಟ್ಟ ಎಣ್ಣೆ ಕಮಟಾಗೋದೂ ಹೀಗೇ ಅಲ್ವಾ, ಇಲ್ಲಿ ಮಾತ್ರ ಬಹಳ ಬೇಗ ಆಗುತ್ತದೆ. ಪೊರೆ ಹರಿದರೆ ಒಳಗಿನ ರಸ ಸೋರುತ್ತದೆ, ಶಿಲೀಂಧ್ರಕ್ಕೆ ಅದೇ ಊಟ. ಇಂಥ ಆಕ್ಸಿಜನ್ ತಣಿಸುವ ವಸ್ತುಗಳು ಗಿಡದಲ್ಲೂ ಇವೆ, ಆದರೆ ವಿಷ ಜಾಸ್ತಿಯಾದಾಗ ಸಾಲುವುದಿಲ್ಲ. ಈ ಸ್ಥಿತಿಗೇ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುತ್ತಾರೆ. ಶಿಲೀಂಧ್ರ ಮಾತ್ರ ತನ್ನೊಳಗಿನ ವಿಷವನ್ನು ಅಷ್ಟು ಅಪಾಯವಿಲ್ಲದ ರೂಪಕ್ಕೆ ಬದಲಿಸಿಕೊಂಡು ಉಳಿಯುತ್ತದೆ.