ಸೈನ್ಯದಲ್ಲಿದ್ದ ಅಜ್ಜ ಬರೆದಿಟ್ಟ ಯುದ್ಧದ ನೋಟ್‌ಬುಕ್ ಸಿಕ್ಕಿದೆ. ಅದನ್ನು ಎಷ್ಟು ನಂಬಬಹುದು?

ನಮ್ಮ ಮನೆಯಲ್ಲೂ ಅಂಥದ್ದೊಂದು ಇದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನಿರುವುದು ಗೋವಾದ ವಾಸ್ಕೋದಲ್ಲಿ, ಊರು ಖಾನಾಪುರ ತಾಲೂಕು. ಅಜ್ಜ ಸೈನ್ಯದಲ್ಲಿ ಲಾರಿ ಡ್ರೈವರ್. 1961ರ ಡಿಸೆಂಬರ್‌ನಲ್ಲಿ ಪೋರ್ಚುಗೀಸರ ಕೈಯಿಂದ ಗೋವಾ ಬಿಡಿಸಲು ಬೆಳಗಾವಿಯಿಂದ ಹೊರಟ ದಂಡಿನ ಜೊತೆ ಬಂದವರು. ಆಮೇಲೆ ಯಾವಾಗಲೋ ಕೂತು ಪೆನ್ಸಿಲ್‌ನಲ್ಲಿ ಎಲ್ಲ ಬರೆದಿಟ್ಟಿದ್ದಾರೆ.

ಗುಂಡು, ಬಾಂಬು ಇರುತ್ತೆ ಅಂದುಕೊಂಡು ತೆರೆದೆ. ಇದ್ದದ್ದು ಬರೀ ರಸ್ತೆ! ಅನಮೋಡ ಘಾಟ್ ಇಳಿಯುವಾಗ ಹೆಡ್‌ಲೈಟ್ ಹಾಕುವಂತಿರಲಿಲ್ಲ, ಮುಂದಿನ ಲಾರಿಯ ಹಿಂಬದಿಗೆ ಬಳಿದ ಬಿಳಿ ಬಣ್ಣವೇ ಗುರುತು. ಪೋರ್ಚುಗೀಸರು ಸೇತುವೆ ಉಡಾಯಿಸಿ ಹೋಗಿದ್ದರಿಂದ ಹೊಳೆದಂಡೆಯಲ್ಲಿ ಎಷ್ಟು ಹೊತ್ತು ಕಾದರು, ಆ ಊರಿನ ಹೆಂಗಸರು ಕೊಟ್ಟ ಎಳನೀರು ಹೇಗಿತ್ತು, ಇದೇ ಎಲ್ಲ. ಯುದ್ಧ ನಡೆದದ್ದೇ ಎರಡು ದಿನ. 19ರ ರಾತ್ರಿ ಪೋರ್ಚುಗೀಸ್ ಗವರ್ನರ್ ಜನರಲ್ ವಸ್ಸಾಲು ಇ ಸಿಲ್ವಾ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ. ಅಜ್ಜನಿಗೆ ಸುದ್ದಿ ಮುಟ್ಟಿದ್ದು ಮರುದಿನ, ಟೈರ್ ಬದಲಿಸುತ್ತಿದ್ದಾಗ.

ಇಂಥದ್ದನ್ನು ನಾನು ಪೂರ್ತಿ ನಂಬುತ್ತೇನೆ. ಟೈರ್ ಬಗ್ಗೆ ಸುಳ್ಳು ಬರೆದು ಯಾರಿಗೇನು ಲಾಭ, ಅಲ್ವಾ?

ಕೇಳಿ ಬರೆದದ್ದನ್ನು ಮಾತ್ರ ತಾಳೆ ನೋಡಿ. ಪೋರ್ಚುಗೀಸರ ಯುದ್ಧನೌಕೆ 'ಅಫೋನ್ಸೊ ದ ಅಲ್ಬುಕರ್ಕ್' ಅನ್ನು ನಮ್ಮವರು ಮುಳುಗಿಸಿದರು ಅಂತ ಅಜ್ಜ ಬರೆದಿದ್ದಾರೆ. ನಿಜವಾಗಿ ಅದು ಏಟು ತಿಂದ ಮೇಲೆ ಅದರವರೇ ದಡಕ್ಕೆ ಹತ್ತಿಸಿ ಬಿಟ್ಟುಹೋದರು. (1510ರಲ್ಲಿ ಬಿಜಾಪುರದ ಆದಿಲಶಾಹಿಯಿಂದ ಗೋವಾ ಕಿತ್ತುಕೊಂಡವನ ಹೆಸರೂ ಅದೇ, ತಮಾಷೆ ನೋಡಿ.) ಕಾರವಾರದ ಹತ್ತಿರದ ಅಂಜದೀವ್ ದ್ವೀಪದಲ್ಲಿ ನಮ್ಮ ನೌಕಾಪಡೆಯ 7 ಜನ ಸತ್ತದ್ದಕ್ಕೆ ಒಂದೇ ಸಾಲು. ಅಲ್ಲಿಗೆ ಹೋದ ಹಡಗುಗಳಲ್ಲಿ 'ಮೈಸೂರು' ಇತ್ತು ಅನ್ನುವುದಕ್ಕೆ ಮಾತ್ರ ಅಡಿಗೆರೆ ಎರಡು!

ಕೊನೆಯ ನಲವತ್ತು ಪುಟ ಗೋವಾದ ಇತಿಹಾಸ. ಏಳನೇ ಕ್ಲಾಸ್ ಓದಿದವರಿಗೆ ಇದೆಲ್ಲ ಯಾಕೆ ಬೇಕಿತ್ತು ಅನಿಸಿತ್ತು. ಓದುತ್ತಾ ಗೊತ್ತಾಯಿತು. ನಮ್ಮ ತಾಲೂಕಿನ ಹಲಸಿಯನ್ನೂ ಗೋವಾವನ್ನೂ ಆಳಿದ್ದು ಅದೇ ಕದಂಬರು, ಗೋವಾದ ತಾಂಬ್ಡಿ ಸುರ್ಲಾದ ಮಹಾದೇವ ಗುಡಿ ಅವರ ಕಾಲದ್ದು ಅಂತ ಯಾರೋ ಹೇಳಿದ್ದಾರೆ, ಅಲ್ಲಿಂದ ಅಜ್ಜ ಬಿಟ್ಟೇ ಇಲ್ಲ. ಇಸವಿಗಳು ಅರ್ಧಕ್ಕರ್ಧ ತಪ್ಪು. ನಾನು ತಿದ್ದಲಿಲ್ಲ, ಬೇರೆ ಹಾಳೆಯಲ್ಲಿ ಸರಿಯಾದದ್ದು ಬರೆದಿಟ್ಟೆ. ನೀವೂ ಮೂಲಕ್ಕೆ ಪೆನ್ನು ತಾಗಿಸಬೇಡಿ.

ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಇಲ್ಲಿನ ಮಳೆಗಾಲಕ್ಕೆ ಹೆದರಿ ಮೊದಲ ಎರಡು ಹಾಳೆ ಮಾಡಿಸಿ ಸುಮ್ನೆ ಹಾಳುಮಾಡಿಕೊಂಡೆ, ಈಗ ಬಿಡಿಸೋಕೆ ಆಗುವುದಿಲ್ಲ. ಮೊಬೈಲ್‌ನಲ್ಲಿ ಎಲ್ಲ ಪುಟದ ಫೋಟೋ ತೆಗೆದಿಡಿ, ಹಿಂದಿನ ರಟ್ಟು ಸಮೇತ. ನಮ್ಮಜ್ಜನ ರಟ್ಟಿನ ಮೇಲೆ ಬೀಡಿ, ಸಾಬೂನು, ಯಾರಿಗೋ ಕೊಟ್ಟ 3 ರೂಪಾಯಿ ಸಾಲದ ಲೆಕ್ಕ ಇದೆ. ಬೀಡಿ, ಸಾಬೂನಿನ ಮೇಲೆ ಗೀಟು ಹೊಡೆದಿದ್ದಾರೆ. ಸಾಲದ ಮೇಲೆ ಇಲ್ಲ.